ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಝೋ: ಗುಂಡಿಗೆ ಹೋದವರು ಯಾರು, ಕಾಯಿಲೆಗೆ ಹೋದವರು ಯಾರು?

ಹಳೇತಟ್ಟೆ:
1986ರಲ್ಲಿ ಪಾಲ್ ಸೈಮನ್ ಅವರ ಗ್ರೇಸ್‌ಲ್ಯಾಂಡ್ ಆಲ್ಬಮ್ಮಿನಲ್ಲಿ ಹಾಡಿದ ದಕ್ಷಿಣ ಆಫ್ರಿಕಾದ ಜುಲು ಮೇಳದ ಬಗ್ಗೆ ಎರಡು ಪ್ರಶ್ನೆ. ಒಂದು, "ಆ ಮೇಳದವರನ್ನೆಲ್ಲ ವರ್ಣಭೇದದ ಪೊಲೀಸರು ಗುಂಡಿಟ್ಟು ಕೊಂದರು" ಅಂತ ಒಂದು ಫಾರ್ವರ್ಡು ಸುತ್ತುತ್ತಿದೆ. ಇದರಲ್ಲಿ ನಿಜ ಎಷ್ಟು, ಬುರುಡೆ ಎಷ್ಟು? ಎರಡು, ಅಷ್ಟು ಜನ ಹೋದಮೇಲೂ ಆ ಮೇಳದ ನಾದ ಹೆಚ್ಚುಕಡಿಮೆ ಹಾಗೇ ಇದೆಯಲ್ಲ, ಹೇಗೆ? ನಮ್ಮಲ್ಲಿ ಮುಖ್ಯ ಗಾಯಕ ಹೋದರೆ ತಂಡವೇ ಮುಚ್ಚುತ್ತೆ.

ಮಂದ್ರಪಂಚಮ:
ಫಾರ್ವರ್ಡು ಮುಕ್ಕಾಲು ಬುರುಡೆ. ಕೊಲೆಗಳಾಗಿದ್ದು ನಿಜ, "ಎಲ್ಲರನ್ನೂ" ಸುಳ್ಳು, "ಪೊಲೀಸರು" ಅನ್ನೋದೂ ಸುಳ್ಳು. ಒಬ್ಬೊಬ್ಬರದ್ದೇ ಹೇಳ್ತೀನಿ.

ಮಿಲ್ಟನ್ ಮಜಿಬುಕೋ. ಮೇಳದ ಹಿರಿಯ ಗಾಯಕ ಆಲ್ಬರ್ಟ್ ಮಜಿಬುಕೋ ಅವರ ತಮ್ಮ. ಕೊಲೆ, 1980. ಗ್ರೇಸ್‌ಲ್ಯಾಂಡಿಗೆ ಆರು ವರ್ಷ ಮೊದಲೇ, ಹಾಗಾಗಿ ಹೊರಗಿನವರ ಪಟ್ಟಿಗಳಲ್ಲಿ ಈ ಹೆಸರು ಬರೋದೇ ಇಲ್ಲ.

ಹೆಡ್‌ಮನ್ ಶಬಲಾಲ. ನಾಯಕ ಜೋಸೆಫ್ ಶಬಲಾಲರ ತಮ್ಮ, ಬೇಸ್ ದನಿ, ಅಂದ್ರೆ ಎಲ್ಲಕ್ಕಿಂತ ತಗ್ಗಿನದು. 1991 ಡಿಸೆಂಬರ್ 10. ಗುಂಡು ಹೊಡೆದವನು ಕೆಲಸದ ಪಾಳಿಯಲ್ಲಿಲ್ಲದ ಒಬ್ಬ ಬಿಳಿಯ ಖಾಸಗಿ ಕಾವಲುಗಾರ, ಪೊಲೀಸ್ ಅಲ್ಲ. ಕೋರ್ಟು ಅದನ್ನು ಕೊಲೆ ಅನ್ನಲಿಲ್ಲ, ಉದ್ದೇಶವಿಲ್ಲದ ನರಹತ್ಯೆ ಅಂತ ಮೂರು ವರ್ಷ ಕೊಟ್ಟಿತು.

ನೆಲ್ಲಿ ಶಬಲಾಲ. ಜೋಸೆಫರ ಹೆಂಡತಿ. 2002ರ ಮೇ ತಿಂಗಳು, ಡರ್ಬನ್ ಹತ್ತಿರದ ಚರ್ಚಿನ ವಾಹನ ನಿಲ್ದಾಣದಲ್ಲಿ, ಮುಸುಕು ಹಾಕಿದ್ದ ಬಂದೂಕುಧಾರಿಯಿಂದ.

ಬೆನ್ ಶಬಲಾಲ. ಇನ್ನೊಬ್ಬ ತಮ್ಮ. 2004ರಲ್ಲಿ ಕೊಲೆ. ಆದರೆ ಅವರು 1993ರಲ್ಲೇ ಮೇಳ ಬಿಟ್ಟಿದ್ದರು.

ಜಾಕಿ ಶಬಲಾಲ. ಇವರೂ ತಮ್ಮನೇ. 2006 ಫೆಬ್ರವರಿ 11, ಲೇಡಿಸ್ಮಿತ್‌ನ ಮನೆಯಲ್ಲಿ, ಸಹಜ ಸಾವು.

ಜೋಸೆಫ್ ಶಬಲಾಲ. 2020 ಫೆಬ್ರವರಿ 11, ಪ್ರಿಟೋರಿಯಾದ ಆಸ್ಪತ್ರೆಯಲ್ಲಿ, 79ನೇ ವಯಸ್ಸಿಗೆ.

ವರ್ಣಭೇದದ ಲೆಕ್ಕಕ್ಕೆ ನೇರವಾಗಿ ಹಾಕಬಹುದಾದ್ದು ಇದರಲ್ಲಿ ಹೆಡ್‌ಮನ್ ಒಬ್ಬರದ್ದೇ.

ಕರಿಎತ್ತು:
"ಒಬ್ಬರದ್ದೇ" ಅಂತ ಅಷ್ಟು ಸಲೀಸಾಗಿ ಹೇಳಬೇಡಿ ಸಾರ್. 2002, 2004ರ ಕೊಲೆಗಳು ಕಾನೂನಿನ ಪ್ರಕಾರ ವರ್ಣಭೇದದ ನಂತರದವು, ಸರಿ. ಆದರೆ ಆ ಬಂದೂಕುಗಳು ಆ ಊರುಗಳಿಗೆ ಬಂದದ್ದು ಯಾವಾಗ? 80ರ ದಶಕದ ಕೊನೆಯಿಂದ 94ರ ಚುನಾವಣೆವರೆಗೆ ನಟಾಲ್ ಪ್ರಾಂತ್ಯದಲ್ಲಿ ಇಂಕಾಥಾ (ಜುಲುಗಳ ಪಕ್ಷ) ಮತ್ತು ಎಎನ್‌ಸಿ (ಮಂಡೇಲಾ ಪಕ್ಷ) ಕಡೆಯವರ ಹೊಡೆದಾಟದಲ್ಲಿ ಸಾವಿರಾರು ಜನ ಸತ್ತರು. ಡರ್ಬನ್ ಸುತ್ತಲಿನ ಟೌನ್‌ಶಿಪ್ಪುಗಳೇ, ಅಂದ್ರೆ ಕರಿಯರ ಬಡಾವಣೆಗಳೇ, ಅದರ ಕಣ.

ಮಂದ್ರಪಂಚಮ:
ವಾತಾವರಣ ಅಂದ್ರೆ ಒಪ್ತೀನಿ. ಕಾರಣ ಅಂದ್ರೆ ಒಪ್ಪಲ್ಲ. ಪ್ರತಿ ಕೊಲೆಗೂ ರಾಜಕೀಯದ ಅಂಗಿ ತೊಡಿಸಿದರೆ ಆಗೋದೇ ಮೇಲಿನ ಫಾರ್ವರ್ಡು.

ಶ್ರುತಿಪೆಟ್ಟಿಗೆ:
ದಿನಾಂಕಗಳನ್ನ ಗಮನಿಸಿದಿರಾ? ಹೆಡ್‌ಮನ್ ಸತ್ತದ್ದು ಡಿಸೆಂಬರ್ 10. ನೊಬೆಲ್ ಪ್ರದಾನ ಪ್ರತಿವರ್ಷ ಅದೇ ದಿನ. ಸರಿಯಾಗಿ ಎರಡು ವರ್ಷದ ಮೇಲೆ, 1993ರಲ್ಲಿ, ಮಂಡೇಲಾ ಶಾಂತಿ ಪ್ರಶಸ್ತಿ ತಗೊಳ್ಳೋಕೆ ಓಸ್ಲೋಗೆ ಹೋದಾಗ ಜೊತೆಗಿದ್ದದ್ದು ಇದೇ ಮೇಳ. ತಮ್ಮನ ತಿಥಿಯ ಸಮಯಕ್ಕೆ ಅಣ್ಣ ಅಲ್ಲಿ ಹಾಡಿದ್ದು. ಇನ್ನು ಫೆಬ್ರವರಿ 11 ಅಂದ್ರೆ 1990ರಲ್ಲಿ ಮಂಡೇಲಾ ಜೈಲಿಂದ ಹೊರಬಂದ ದಿನ. ಜೋಸೆಫ್ ತೀರಿಕೊಂಡದ್ದು ಅದರ ಮೂವತ್ತನೇ ವರ್ಷಕ್ಕೆ, ಜಾಕಿಯ ಹದಿನಾಲ್ಕನೇ ವರ್ಷಕ್ಕೆ.

ಬೆರಳತುದಿ:
ಕಾಕತಾಳೀಯ. ಪಂಚಾಂಗ ತೆಗೀಬೇಡಿ.

ಶ್ರುತಿಪೆಟ್ಟಿಗೆ:
ತೆಗೆದಿಲ್ಲ, ಓದಿದ್ದು ಕ್ಯಾಲೆಂಡರು ಅಷ್ಟೆ.

ಮಂದ್ರಪಂಚಮ:
ಈಗ ಎರಡನೇ ಪ್ರಶ್ನೆ. ಉತ್ತರ ಇರೋದು ದನಿಗಳ ಹಂಚಿಕೆಯಲ್ಲಿ. ಗ್ರೇಸ್‌ಲ್ಯಾಂಡ್ ಕಾಲದ ಹತ್ತು ಜನರಲ್ಲಿ ಮುಂದಾಳು ಒಬ್ಬ, ಆಲ್ಟೋ (ಮೇಲಿನ ದನಿ) ಒಬ್ಬ, ಟೆನರ್ (ನಡುವಿನ ದನಿ) ಒಬ್ಬ. ಉಳಿದ ಏಳೂ ಬೇಸ್. ಚರ್ಚಿನ ಕ್ವಾಯರಿನಂತೆ ನಾಲ್ಕು ಭಾಗಕ್ಕೆ ಸಮಪಾಲು ಅಲ್ಲ ಇದು, ತೆಳ್ಳಗಿನ ಕಂಬಕ್ಕೆ ಏಳು ಅಂಕಣದ ಅಡಿಪಾಯ. ಬೇಸ್‌ನಲ್ಲಿ ಒಬ್ಬ ಹೋದರೆ ದಪ್ಪ ಸ್ವಲ್ಪ ಕಡಿಮೆಯಾಗುತ್ತೆ, ತೂತು ಬೀಳಲ್ಲ. ಆಲ್ಟೋ ಹೋದರೆ ತೂತು. ಮುಂದಾಳು ಹೋದರೆ ಮನೆಯೇ ಹೋಯ್ತು.

ಸತ್ತವರ ಪಟ್ಟಿ ಇನ್ನೊಮ್ಮೆ ನೋಡಿ. ಮುಂದಾಳು ಜೋಸೆಫ್ 2014ರಲ್ಲಿ ನಿವೃತ್ತಿ ಆಗುವವರೆಗೂ ಇದ್ದರು. ಅಷ್ಟರಲ್ಲಿ ಆ ಜಾಗಕ್ಕೆ ಮಗ ತಯಾರಾಗಿದ್ದ.

ಹಳೇತಟ್ಟೆ:
ತಯಾರಿ ಅಂದ್ರೆ? ಸಡನ್ನಾಗಿ ಮಗನನ್ನ ತಂದು ನಿಲ್ಲಿಸಿದ್ದಲ್ವಾ?

ಕರಿಎತ್ತು:
ಅಲ್ಲ. 1976ರಲ್ಲೇ ಮಕ್ಕಳ ಮೇಳ ಒಂದು ಶುರುವಾಗಿತ್ತು, ಮ್ಶೆಂಗು ವೈಟ್ ಮಂಬಾಝೋ ಅಂತ. ಮ್ಶೆಂಗು ಅಂದ್ರೆ ಶಬಲಾಲ ಕುಲದ ಹೊಗಳಿಕೆ ಹೆಸರು, ನಮ್ಮ ಬೆಡಗಿನ ಹೆಸರಿನ ಥರ. 1993ರಲ್ಲಿ ಹಳಬರು ಹಲವರು ಒಟ್ಟಿಗೇ ಬಿಟ್ಟಾಗ ಜಾಗ ತುಂಬಿದ್ದು ಜೋಸೆಫರ ಮಕ್ಕಳು: ಥುಲಾನಿ, ಸಿಬೊಂಗಿಸೇನಿ, ಥಾಮ್ಸಾಂಕಾ. ಅಪ್ಪನ ಎದುರೇ ಇಪ್ಪತ್ತು ವರ್ಷ ಹಿಂದಿನ ಸಾಲಿನಲ್ಲಿ ನಿಂತು ಕಲಿತಮೇಲೆ ಥಾಮ್ಸಾಂಕಾ ಮುಂದಕ್ಕೆ ಬಂದದ್ದು. ಅದರ ಫಲ 2018ರ ಗ್ರ್ಯಾಮಿ. ಐದು ಗ್ರ್ಯಾಮಿಗಳ ವರ್ಷ ಬೇಕಿದ್ರೆ 1988, 2005, 2009, 2014, 2018.

ಬೆರಳತುದಿ:
2005ರದ್ದು ನೆಲ್ಲಿಯವರ ಕೊಲೆಯ ನಂತರದ ಆಲ್ಬಮ್ಮಿಗೆ. ಜುಲುವಿನಲ್ಲಿ ವೆನ್ಯುಕೇಲಾ, ಮೇಲೇರು ಅನ್ನೋ ಅರ್ಥ. ನೆಲ್ಲಿ ಬರೀ "ಜೋಸೆಫರ ಹೆಂಡತಿ" ಅಲ್ಲ ಕಣ್ರೀ, ವಿಮೆನ್ ಆಫ್ ಮಂಬಾಝೋ ಅನ್ನೋ ಹೆಂಗಸರ ಮೇಳ ನಡೆಸಿದವರು. ಮೇಲಿನ ಪಟ್ಟಿಯಲ್ಲಿ ಅದನ್ನ ಬಿಟ್ಟಿದ್ದೀರಿ.

ಮಂದ್ರಪಂಚಮ:
ತಪ್ಪಾಯ್ತು ಮೇಡಂ. ಸೇರಿಸಿ ಓದಿಕೊಳ್ಳಿ.

ನಾಟಕಶಾಲೆ:
ಹೆಸರಿನ ಅರ್ಥ ಏನು? ಬ್ಲ್ಯಾಕ್ ಅಂದ್ರೆ ಕರಿಯರು ಅಂತ ತಾನೇ?

ಕರಿಎತ್ತು:
ಎಲ್ಲರೂ ಎಡವೋ ಜಾಗ ಇದು. ಲೇಡಿಸ್ಮಿತ್ ಊರು. ಬ್ಲ್ಯಾಕ್ ಅಂದ್ರೆ ಕರಿ ಎತ್ತು, ಹೊಲದಲ್ಲಿ ಎಲ್ಲಕ್ಕಿಂತ ಗಟ್ಟಿ ಎತ್ತು. ನನ್ನ ಬಳಕೆದಾರ ಹೆಸರು ಅದೇ. ಮೇಳದ ಮೊದಲಿನ ಹೆಸರೂ ಎಝಿಮ್ನ್ಯಾಮಾ, ಕರಿಯವು. ಮಂಬಾಝೋ ಅಂದ್ರೆ ಕೊಡಲಿ, ಸ್ಪರ್ಧೆಯಲ್ಲಿ ಎದುರಾಳಿಯನ್ನ ಕಡಿದು ಹಾಕೋದು. ಕಡಿದೂ ಕಡಿದೂ ಕೊನೆಗೆ "ನೀವು ಬಂದು ಹಾಡಿ, ಪೈಪೋಟಿಗೆ ಮಾತ್ರ ಇಳೀಬೇಡಿ" ಅಂದರಂತೆ ಸಂಘಟಕರು. 1970ರಲ್ಲಿ ರೇಡಿಯೊ, ಆಮೇಲೆ ಗ್ಯಾಲೋ ರೆಕಾರ್ಡ್ ಕಂಪನಿಯ ಕರಾರು, 1973ರಲ್ಲಿ ಮೊದಲ ಆಲ್ಬಮ್ ಅಮಬುಥೋ.

ನಾಟಕಶಾಲೆ:
ಸ್ಪರ್ಧೆ ಹೇಗಿರುತ್ತೆ? ನಮ್ಮ ಭಜನಾ ಸ್ಪರ್ಧೆ ಥರಾನಾ?

ಶ್ರುತಿಪೆಟ್ಟಿಗೆ:
ರಾತ್ರಿಯಿಡೀ ನಡೆಯೋದು ಮಾತ್ರ ಸಾಮ್ಯ. ಶನಿವಾರ ರಾತ್ರಿ ಶುರುವಾಗಿ ಭಾನುವಾರ ಬೆಳಗಾಗುತ್ತೆ. ಜಾಗ ಗಂಡಸರ ಹಾಸ್ಟೆಲ್ಲು. ಗಣಿಗೆ, ಕಾರ್ಖಾನೆಗೆ ದುಡಿಯೋಕೆ ಬಂದವರಿಗೆ ಹೆಂಡತಿ ಮಕ್ಕಳನ್ನ ಕರೆತರೋ ಹಕ್ಕಿರಲಿಲ್ಲ, ಸಾಲುಮಂಚದ ಹಾಸ್ಟೆಲ್ಲುಗಳಲ್ಲಿ ಇದ್ದರು. ಒಂದೇ ಸೂಟು, ಒಂದೇ ಟೈ, ಬಿಳಿ ಕೈಗವಸು, ಮಿರಿಮಿರಿ ಬೂಟು. ಹಾಡಿನ ಜೊತೆಗೆ ಉಡುಪಿನ ಪೈಪೋಟಿಯೂ ಬೇರೆ ಇರುತ್ತೆ, ಅದರಲ್ಲಿ ನಿಲ್ಲೋರಿಗೆ ಒಸ್ವೆಂಕಾ ಅಂತಾರೆ.

ತಮಾಷೆ ಇರೋದು ತೀರ್ಪುಗಾರನದ್ದು. ಹಿಂದೆಲ್ಲ ಬೀದಿಯಿಂದ ಯಾರೋ ಒಬ್ಬ ಬಿಳಿಯನನ್ನ ಹಿಡ್ಕೊಂಡು ಬಂದು ಕೂರಿಸೋರು. ಜುಲು ಬಾರದು, ಯಾವ ಊರಿನ ಮೇಳ ಯಾವುದೆಂದು ಗೊತ್ತಿಲ್ಲ, ಹಾಗಾಗಿ ಪಕ್ಷಪಾತ ಇಲ್ಲ ಅನ್ನೋ ಲೆಕ್ಕ.

ಬೆರಳತುದಿ:
ಆ ಲೆಕ್ಕ ಸರಿಯಾಗೇ ಇದೆ. ನಮ್ಮ ಕೆಲವು ಸ್ಪರ್ಧೆಗಳಿಗೂ ಒಬ್ಬ ಜುಲು ತೀರ್ಪುಗಾರ ಬೇಕು.

ಹಳೇತಟ್ಟೆ:
😂

ಬೆರಳತುದಿ:
ಶೈಲಿಯ ಹೆಸರು ಇಸಿಕಾತಮೀಯಾ ಅಂತ ಎಲ್ಲರೂ ಬರೀತಾರೆ. ಉಚ್ಚಾರಣೆ ಹಾಗಲ್ಲ. ಜುಲುವಿನಲ್ಲಿ ಆ ಅಕ್ಷರ ಕ ಅಲ್ಲ, ಲೊಚಗುಟ್ಟುವ ದನಿ. ಅಯ್ಯೋ ಪಾಪ ಅನ್ನೋವಾಗ ನಾಲಿಗೆಯ ತುದಿಯನ್ನ ಹಲ್ಲಿಗೆ ಒತ್ತಿ ಬಿಡ್ತೀವಲ್ಲ, ಅದೇ. ಇನ್ನೊಂದು ಲೊಚ ನಾಲಿಗೆಯ ಪಕ್ಕದಿಂದ, ಎತ್ತು ಹೊಡೆಯೋವಾಗ ಬಾಯಿಂದ ಹೊರಡಿಸೋ ಸದ್ದು. ಮೂರನೆಯದು ಅಂಗುಳಿಂದ, ಬಾಟಲಿ ಬಿರಡೆ ಕಿತ್ತ ಹಾಗೆ. ನಮಗೆ ಬರೀ ಸದ್ದುಗಳಾಗಿರೋ ಇವು ಅವರಿಗೆ ವ್ಯಂಜನಗಳು. ಥಾಮ್ಸಾಂಕಾ ಹೆಸರಿನ ಕೊನೆಯ ಕ ಕೂಡ ಆ ಬಿರಡೆ ದನಿಯೇ. ಇನ್ನೊಂದು ವಿಷಯ, ಜುಲುವಿನಲ್ಲಿ ಕೊನೆಯಿಂದ ಎರಡನೇ ಅಕ್ಷರ ಎಳೀಬೇಕು: ಇಸಿಕಾತಮೀ…ಯಾ, ಮಂಬಾ…ಝೋ.

ಪದದ ಬೇರು ಮೆಲ್ಲಗೆ ಹೆಜ್ಜೆ ಇಡು, ಬೆಕ್ಕಿನಂತೆ ನಡೆ ಅನ್ನೋ ಕ್ರಿಯಾಪದ.

ನಾಟಕಶಾಲೆ:
ಹಾಸ್ಟೆಲ್ಲಿನ ಕಾವಲುಗಾರರಿಗೆ ಕೇಳಿಸಬಾರದು ಅಂತ ತುದಿಗಾಲಲ್ಲಿ ಕುಣಿದರು ಅನ್ನೋ ಕತೆ ಇದೆಯಲ್ಲ?

ಬೆರಳತುದಿ:
ಕತೆ ಚೆನ್ನಾಗಿದೆ, ಅವರೇ ವೇದಿಕೆ ಮೇಲೆ ಹೇಳ್ತಾರೆ. ಆದರೆ ಅದೊಂದೇ ಕಾರಣ ಅನ್ನೋದು ಅನುಮಾನ. 40ರ ದಶಕದಲ್ಲಿ ಇದೇ ಗಂಡಸರು ಗಂಟಲು ಹರಿಯೋ ಹಾಗೆ ಒಟ್ಟಿಗೆ ಅರಚುವ ಶೈಲಿ ಹಾಡಿದ್ದಾರೆ. ಯುದ್ಧದ ಬಾಂಬಿನ ನೆನಪಿಗೆ ಅದಕ್ಕೆ ಬಾಂಬಿಂಗ್ ಅಂತಲೇ ಹೆಸರು. ಆಗ ಕಾವಲುಗಾರ ಕಿವುಡನಾಗಿದ್ದನಾ? ಮೆದು ಶೈಲಿ ಮೇಲುಗೈ ಪಡೆದದ್ದರಲ್ಲಿ ರೇಡಿಯೊ ಪಾತ್ರ ದೊಡ್ಡದು. 60ರ ದಶಕದ ಜುಲು ರೇಡಿಯೊ ಕಾರ್ಯಕ್ರಮದ ಹೆಸರೇ ಕೊಥೋಝಾ ಮ್ಫಾನಾ, ಮೆಲ್ಲಗೆ ನಡಿಯೋ ಹುಡುಗಾ.

ಕರಿಎತ್ತು:
ಅದಕ್ಕೂ ಹಿಂದೆ ಹೋದರೆ ಮಿಷನ್ ಶಾಲೆಯ ಸ್ತೋತ್ರಗೀತೆ, ಮದುವೆ ಹಾಡು, ನೆಲ ಒದ್ದು ಕುಣಿಯುವ ಇಂಗೋಮಾ. ಜೊತೆಗೆ 1890ರಲ್ಲಿ ಬಂದ ಅಮೆರಿಕದ ಕರಿಯರ ತಂಡ, ಮೆಕಡೂ ಅವರ ವರ್ಜೀನಿಯಾ ಜುಬಿಲಿ ಸಿಂಗರ್ಸ್. "ಶುದ್ಧ ಜುಲು" ಅಂತ ಹುಡುಕೋಕೆ ಹೋಗಬೇಡಿ, ಸಿಗಲ್ಲ.

ನಾಟಕಶಾಲೆ:
ಕಾಲೇಜಿನ ಹುಡುಗರು ಹತ್ತು ಜನ ಈ ಶೈಲಿಯಲ್ಲಿ ಹಾಡಬೇಕು ಅಂದ್ರೆ ಎಲ್ಲಿಂದ ಶುರು? ಸ್ವರ ಬರೆದುಕೊಡೋರು ಇದಾರಾ?

ಮಂದ್ರಪಂಚಮ:
ಚಲನೆ ಸರಳ, ಶಂಕರಾಭರಣ ರಾಗದ ಸ್ವರಗಳೇ ಸಾಕು. ಮೂರೇ ಸ್ವರಗುಚ್ಛ (ಒಟ್ಟಿಗೆ ಹಾಡೋ ಸ್ವರಗಳು): ಸ-ಗ-ಪ, ಮ-ಧ-ಸ, ಪ-ನಿ-ರಿ. ಬೇಸಿನವರು ಹಿಡಿಯೋದು ಸ, ಮ, ಪ, ಪ. ಮೊದಲನೇ ಪ ಮೇಲೆ ಮತ್ತೆ ಸ-ಗ-ಪ ಗುಚ್ಛ ಕೂರುತ್ತೆ, ಎರಡನೇದರ ಮೇಲೆ ಪ-ನಿ-ರಿ. ಈ ನಾಲ್ಕು ಹೆಜ್ಜೆಯ ಚಕ್ರ ಸುತ್ತುತ್ತಲೇ ಇರಬೇಕು. 1939ರ ಎಂಬೂಬೆ ಹಾಡು ಕೇಳಿ, ಹಾಡಿಡೀ ಇದೇ.

ಶ್ರುತಿ: ಮುಂದಾಳಿನ ಅನುಕೂಲಕ್ಕೆ ಇಡಬೇಡಿ, ಬೇಸಿನವರಿಗೆ ಇಡಿ. ಅವರ ಮಂದ್ರ ಪಂಚಮ (ಕೆಳಗಿನ ಪ) ಉಸಿರಾಗದೆ ನಾದವಾಗಿಯೇ ನಿಲ್ಲಬೇಕು. ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಶುರು ಮಾಡಿ, ಪಂಚಮ ಬರೀ ಗಾಳಿಯಾದರೆ ಒಂದೊಂದೇ ಮನೆ ಮೇಲೇರಿಸಿ.

ಹಂಚಿಕೆ: ಮುಂದಾಳು 1, ಆಲ್ಟೋ 1, ಟೆನರ್ 1, ಬೇಸ್ 7. ಅಲ್ಲಿನವರ ಬಾಯಲ್ಲಿ ಇವು ಫಸ್ ಪಾಥಿ, ಆಲ್ಥಾ, ಥೇನಾ, ಬೇಸ್. "ಆಲ್ಟೋ ಕೇಳಿಸ್ತಿಲ್ಲ" ಅಂತ ಇನ್ನೊಬ್ಬನನ್ನ ಸೇರಿಸೋದು ಎಲ್ಲರೂ ಮಾಡೋ ತಪ್ಪು. ಸೇರಿಸಬೇಡಿ, ಬೇಸಿನವರ ದನಿ ಇಳಿಸಿ.

ಕಟ್ಟಡ: ಮೊದಲು ತಾಳವಿಲ್ಲದ ನಿಧಾನ ಭಾಗ, ಯಾರೂ ಅಲುಗಾಡಬಾರದು. ಆಮೇಲೆ ಲಯ ಹಿಡಿದು ಪ್ರಶ್ನೋತ್ತರದ ಚಕ್ರ, ಹೆಜ್ಜೆ ಶುರುವಾಗೋದು ಆಗ. ಕಾಲು ಮೇಲೆತ್ತುವಾಗ ರಭಸ, ನೆಲಕ್ಕಿಡುವಾಗ ನಿಶ್ಶಬ್ದ. ಮರದ ವೇದಿಕೆ ಮೇಲೆ ಹಿಮ್ಮಡಿ ತಾಗಿದರೆ ಮೈಕು ಅದನ್ನೇ ಹಿಡಿಯುತ್ತೆ, ಹಾಡು ಹೋಗಿ ಕವಾಯತು ಆಗುತ್ತೆ.

ಶ್ರುತಿಪೆಟ್ಟಿಗೆ:
ನಮ್ಮವರಿಗೆ ಎರಡು ಎಚ್ಚರಿಕೆ. ಗಮಕ ಹಾಕಬೇಡಿ. ಏಳು ಜನರಲ್ಲಿ ಒಬ್ಬ ಗಾಂಧಾರ ಅಲ್ಲಾಡಿಸಿದರೆ ಇಡೀ ಗುಚ್ಛ ಕಲಸಿದ ಅನ್ನ. ಜಾರುವುದಿದ್ದರೆ ಎಲ್ಲರೂ ಒಟ್ಟಿಗೇ ಕೆಳಕ್ಕೆ ಜಾರಬೇಕು. ಎರಡನೇದು, ತಂಬೂರಿ ಇಲ್ಲ. ನಾಲ್ಕು ನಿಮಿಷಕ್ಕೆ ಶ್ರುತಿ ಅರ್ಧ ಮನೆ ಕುಸಿಯೋದು ಮಾಮೂಲು. ಅಭ್ಯಾಸದಲ್ಲಿ ಹಾಡು ಮುಗಿದ ಮೇಲೆ ಹಾರ್ಮೋನಿಯಂ ಮುಟ್ಟಿ ನೋಡಿ, ಮಧ್ಯದಲ್ಲಿ ಅಲ್ಲ. ಕುಸಿದರೆ ತಪ್ಪು ಹೆಚ್ಚಾಗಿ ಮಧ್ಯಮದಿಂದ ಪಂಚಮಕ್ಕೆ ಏರೋ ಜಾಗದಲ್ಲಿ ಇರುತ್ತೆ, ಅಲ್ಲಿ ಬೇಸಿನವರು ಸೋಮಾರಿಗಳಾಗ್ತಾರೆ.

ಹಳೇತಟ್ಟೆ:
ಎಂಬೂಬೆ ಅಂದಿರಲ್ಲ, ಅದೇ ತಾನೇ ಲಯನ್ ಕಿಂಗ್ ಸಿನಿಮಾದ ರಾಗ?

ಕರಿಎತ್ತು:
ಅದೇ. ಸಾವಿನ ಚರ್ಚೆಯಲ್ಲಿ ಎಂಬೂಬೆ ಕಟ್ಟಿದ ಸಾಲೊಮನ್ ಲಿಂಡಾ ಬರಲೇಬೇಕು, ಯಾಕಂದ್ರೆ ಹಲವು ಬೇಸು, ಒಂದೇ ಥರದ ಸೂಟು, ಎರಡೂ ಜನಪ್ರಿಯವಾದದ್ದು ಅವರ ಈವ್ನಿಂಗ್ ಬರ್ಡ್ಸ್ ಮೇಳದಿಂದ. ಗ್ಯಾಲೋದಲ್ಲಿ ರೆಕಾರ್ಡು ಕಟ್ಟುವ ಕೆಲಸ ಮಾಡ್ತಿದ್ದ ಮನುಷ್ಯ. ಹಾಡಿನ ಹಕ್ಕು 10 ಶಿಲಿಂಗಿಗೆ ಹೋಯ್ತು. ಅಮೆರಿಕದಲ್ಲಿ ವೀವರ್ಸ್ ತಂಡ ವಿಮೊವೆ ಅಂತ ಹಾಡಿತು, 1961ರಲ್ಲಿ ಟೋಕನ್ಸ್ ಇಂಗ್ಲಿಷ್ ಸಾಲು ಹಾಕಿ ಒಂದನೇ ಸ್ಥಾನಕ್ಕೆ ಏರಿಸಿತು. ಲಿಂಡಾ 1962ರಲ್ಲಿ ಮೂತ್ರಪಿಂಡ ಕೆಟ್ಟು ಸತ್ತರು. ಸಮಾಧಿಗೆ ಕಲ್ಲು ಬಿದ್ದದ್ದು ಹದಿನೆಂಟು ವರ್ಷದ ಮೇಲೆ.

ಬೆರಳತುದಿ:
ಆದರೆ ಲಿಂಡಾ ಅವರ ಹೆಣ್ಣುಮಕ್ಕಳು ಹಾಡಿನ ಹಕ್ಕಿನ ಕೇಸು ಗೆದ್ದರಲ್ಲ.

ಮಂದ್ರಪಂಚಮ:
ಗೆಲ್ಲಲಿಲ್ಲ, ರಾಜಿಯಾಯ್ತು, 2006ರಲ್ಲಿ. ಆದರೆ ಹಿಡಿದ ಎಳೆ ಚೆನ್ನಾಗಿತ್ತು. ಬ್ರಿಟಿಷ್ ಸಾಮ್ರಾಜ್ಯದ 1911ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಒಂದು ಕಲಮು: ಕರ್ತೃ ತನ್ನ ಹಕ್ಕನ್ನ ಯಾರಿಗೇ ಮಾರಿರಲಿ, ಅವನು ಸತ್ತ 25 ವರ್ಷಕ್ಕೆ ಅದು ವಾರಸುದಾರರಿಗೆ ವಾಪಸ್. ಲಿಂಡಾ ಲೆಕ್ಕದಲ್ಲಿ 1987. ಸಿನಿಮಾ ಬಂದದ್ದು 1994. ಅಂದ್ರೆ ಆಗ ಹಕ್ಕು ಮಕ್ಕಳದ್ದೇ ಅನ್ನೋ ವಾದ. ಎಲ್ಲ ಸೇರಿದಾಗ ತಡವಾಗಿತ್ತು, ಒಬ್ಬ ಮಗಳು 2001ರಲ್ಲೇ ಏಡ್ಸ್‌ನಿಂದ ತೀರಿಹೋಗಿದ್ದರು, ಮದ್ದಿಗೆ ದುಡ್ಡಿಲ್ಲದೆ.

ನಾಟಕಶಾಲೆ:
ಊರು ಬಿಟ್ಟು ದುಡಿಯೋಕೆ ಹೋದ ಹಾಡುಗಾರ ಹಾಸ್ಟೆಲ್ಲಲ್ಲೇ ಸತ್ತರೆ ಹೆಣದ ಗತಿ?

ಬೆರಳತುದಿ:
ಅದಕ್ಕೇ ಮಸಿಂಗ್ವಬಿಸಾನೆ ಅನ್ನೋ ಚೀಟಿಗಳು, "ಒಬ್ಬರನ್ನೊಬ್ಬರು ಮಣ್ಣು ಮಾಡೋಣ" ಅಂತ ಅರ್ಥ. ತಿಂಗಳು ತಿಂಗಳು ಕಟ್ಟಿದ ಹಣದಲ್ಲಿ ಪೆಟ್ಟಿಗೆ, ಗಾಡಿ, ಬಂದವರ ಊಟ. ಮೇಳಗಳು ಸಾಮಾನ್ಯವಾಗಿ ಒಂದೇ ಸೀಮೆಯವರಿಂದ ಆಗಿರೋದರಿಂದ ಊರಿನವರು, ಹಾಡುಗಾರರು, ಚೀಟಿಯವರು ಬಹುಪಾಲು ಒಂದೇ ಜನ. ಮಣ್ಣಿನ ಹಿಂದಿನ ರಾತ್ರಿ ಉಮ್ಲಿಂಡೇಲೋ, ಜಾಗರಣೆ. ಹೆಣ ಮನೆಯೊಳಗೆ, ಬೆಳಗಿನವರೆಗೆ ಸ್ತೋತ್ರಗೀತೆ.

ಊರಾಚೆ ಸತ್ತವನ ಜೀವ ಅಲ್ಲೇ ಅಲೆಯುತ್ತೆ ಅಂತ ನಂಬೋರು ಉಮ್ಲಾಹ್ಲಂಕೋಸಿ ಮರದ ಕೊಂಬೆ ತಗೊಂಡು ಸತ್ತ ಜಾಗಕ್ಕೆ ಹೋಗ್ತಾರೆ. ಹೆಸರು ಕರೆದು "ಬಾ, ಮನೆಗೆ ಹೋಗೋಣ" ಅಂತ ಹೇಳಿ ಕೊಂಬೆ ಹೊತ್ತು ತರ್ತಾರೆ. ಹೊತ್ತವನು ದಾರಿಯಲ್ಲಿ ಸತ್ತವನ ಜೊತೆ ಬಿಟ್ಟು ಬೇರೆ ಯಾರ ಹತ್ತಿರವೂ ಮಾತಾಡಬಾರದು. ಬಸ್ಸಿನಲ್ಲಿ ಆ ಜೀವಕ್ಕೂ ಒಂದು ಸೀಟಿನ ದುಡ್ಡು ಕೊಡ್ತಾರೆ.

ಶ್ರುತಿಪೆಟ್ಟಿಗೆ:
ಆ ಮರ ನಮ್ಮ ಎಲಚಿಯ ಕುಲದ್ದೇ. ಮುಳ್ಳು ಜೋಡಿ ಜೋಡಿ, ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ನೆಟ್ಟಗಿರೋದು ಮುಂದಿನ ದಾರಿ, ಕೊಕ್ಕೆ ಬಂದ ದಾರಿ ಅಂತ ಅಲ್ಲಿಯವರ ಮಾತು.

ಕರಿಎತ್ತು:
ಶಬಲಾಲರ ಮನೆಯಲ್ಲಿ ಹೀಗೇ ಮಾಡಿದರು ಅಂತ ಯಾರೂ ಬರ್ಕೋಬೇಡಿ ಮತ್ತೆ. ಜೋಸೆಫ್ ಕ್ರೈಸ್ತ ಪಾದ್ರಿಯೂ ಆಗಿದ್ದವರು. ಎರಡನ್ನೂ ಒಟ್ಟಿಗೆ ಪಾಲಿಸೋ ಮನೆಗಳೂ ಇವೆ, ಒಂದನ್ನ ಬಿಟ್ಟ ಮನೆಗಳೂ ಇವೆ.

ಹಳೇತಟ್ಟೆ:
ಬರ್ಕೊಂಡಿಲ್ಲ. ಅಂದಹಾಗೆ ಲೇಡಿಸ್ಮಿತ್ ಅಂದ್ರೆ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದ ಮುತ್ತಿಗೆಯ ಊರೇ ತಾನೆ?

ಬೆರಳತುದಿ:
ಅದೇ ಊರು, 118 ದಿನದ ಮುತ್ತಿಗೆ, ಬಿಡುಗಡೆ 1900 ಫೆಬ್ರವರಿ 28. ಆ ಯುದ್ಧದಲ್ಲೇ ಗಾಂಧೀಜಿ ನಟಾಲಿನ ಭಾರತೀಯರನ್ನ, ಸುಮಾರು 1,100 ಜನರನ್ನ ಸೇರಿಸಿ ಗಾಯಾಳುಗಳನ್ನ ಹೊರುವ ದಳ ಕಟ್ಟಿದ್ದು. ಊರಿನ ಹೆಸರು ಕೇಪ್ ವಸಾಹತಿನ ಗವರ್ನರ್ ಹ್ಯಾರಿ ಸ್ಮಿತ್‌ನ ಹೆಂಡತಿಯದ್ದು, ಆಕೆ ಸ್ಪೇನಿನವಳು.

ಕರಿಎತ್ತು:
ಸ್ಪೇನಿನ ಹೆಂಗಸು, ಜುಲು ಎತ್ತು, ಒಂದು ಕೊಡಲಿ. ಹೆಸರು ಅಂದ್ರೆ ಹಂಗಿರಬೇಕು.

ನಾಟಕಶಾಲೆ:
ಶ್ರುತಿಪೆಟ್ಟಿಗೆ ಅವರೇ, ಹುಡುಗರು ಬಿಳಿ ಒಂದರಲ್ಲಿ ಹಿಡಿದರು, ಮಂದ್ರ ಪಂಚಮ ಬರೀ ಗಾಳಿ ಬರ್ತಿದೆ. ಎರಡಕ್ಕೆ ಏರಿಸಲಾ?

ಶ್ರುತಿಪೆಟ್ಟಿಗೆ:
ಮೊದಲು ಕಪ್ಪು ಒಂದು ನೋಡಿ. ಅಲ್ಲೂ ಗಾಳಿಯೇ ಬಂದ್ರೆ ಬಿಳಿ ಎರಡು. ಬೆಳಗ್ಗೆ ಎದ್ದ ಕೂಡಲೇ ಪರೀಕ್ಷೆ ಮಾಡಬೇಡಿ, ಆ ಹೊತ್ತಿಗೆ ಎಲ್ಲರಿಗೂ ಮಂದ್ರ ಇಳಿಯುತ್ತೆ, ಸಂಜೆ ಕೈಕೊಡುತ್ತೆ.